ನಡಿಗೆಗೊಬ್ಬರು ಜೊತೆ ಬೇಕು

ನನ್ನ ದವಾಖಾನೆಗೆ ಬರುವ ಸಹೋದರಿಯರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ಬೊಜ್ಜು ಇವುಗಳಲ್ಲಿ ಒಂದಾದರೂ ಇಲ್ಲದವರು ಕಡಿಮೆ. ಅವರ ಮದ್ದಿನ ಚೀಟಿಯ ಕೊನೆಯಲ್ಲಿ ನಾನು ತಪ್ಪದೆ ಒಂದು ಸಾಲು ಬರೆಯುತ್ತೇನೆ: ದಿನಕ್ಕೆ ಅರ್ಧ ಗಂಟೆ ನಡೆಯಿರಿ. ತಿಂಗಳ ನಂತರ ಅವರು ಮತ್ತೆ ಬಂದಾಗ "ನಡೆದಿರಾ?" ಎಂದು ಕೇಳುತ್ತೇನೆ. ಉತ್ತರ ಹೆಚ್ಚುಕಡಿಮೆ ಒಂದೇ. "ಮೊದಲ ವಾರ ನಡೆದೆ ಡಾಕ್ಟರ್ ಆಪಾ, ಆಮೇಲೆ ಬಿಟ್ಟುಹೋಯ್ತು."

ಏಕೆ ಬಿಟ್ಟುಹೋಯಿತು? ಮನೆಗೆ ನೆಂಟರು ಬಂದರು, ಮಗಳ ಪರೀಕ್ಷೆ ಬಂತು, ಮಳೆ ಬಂತು. ಒಬ್ಬಳೇ ಹೋಗಲು ಸಂಕೋಚವಾಯಿತು. ಓಣಿಯವರು ಏನೆನ್ನುವರೋ ಎಂಬ ಅಳುಕು. ಗಮನಿಸಿ ನೋಡಿ, ಇವರಲ್ಲಿ ಯಾರಿಗೂ ನಡಿಗೆಯ ಲಾಭ ಗೊತ್ತಿಲ್ಲದೆ ಇಲ್ಲ. ಗೊತ್ತಿರುವುದನ್ನು ಎರಡನೆಯ ವಾರಕ್ಕೂ ಮೂರನೆಯ ವಾರಕ್ಕೂ ಎಳೆದುಕೊಂಡು ಹೋಗಲು ಒಬ್ಬರು ಜೊತೆ ಬೇಕು. ಅದು ಇಲ್ಲ, ಅಷ್ಟೇ.

ಈಗ ಬಹುತೇಕ ಮನೆಗಳಲ್ಲಿ ಒಂದಾದರೂ ಸ್ಮಾರ್ಟ್‌ಫೋನ್ ಇದೆ. ಅದರಲ್ಲಿ ಕುಟುಂಬದ ಗ್ರೂಪ್, ಮಕ್ಕಳ ಶಾಲೆಯ ಗ್ರೂಪ್, ಓಣಿಯ ಗ್ರೂಪ್ ಎಂದು ಹತ್ತಾರು ಗುಂಪುಗಳಿವೆ. ಅದೇ ಫೋನಿನಲ್ಲಿ ಆರೋಗ್ಯಕ್ಕಾಗಿ ಒಂದು ಚಿಕ್ಕ ಗುಂಪು ಕಟ್ಟಿಕೊಂಡರೆ ಹೇಗೆ? ಅಂಥ ಗುಂಪು ಹೇಗಿದ್ದರೆ ಕೈ ಹಿಡಿಯುತ್ತದೆ, ಹೇಗಿದ್ದರೆ ಕೈ ಬಿಡುತ್ತದೆ ಎಂಬುದನ್ನು ಈ ತಿಂಗಳು ನೋಡೋಣ.

ಎಷ್ಟು ನಡೆಯಬೇಕು, ಏಕೆ?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವೇಗದ ಚಟುವಟಿಕೆ ಬೇಕು. ದಿನಕ್ಕೆ 30 ನಿಮಿಷದಂತೆ ಐದು ದಿನ ನಡೆದರೆ 150 ನಿಮಿಷವಾಯಿತು. ಇದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಇರಬೇಕು. ನಮ್ಮ ದೇಶದವರಲ್ಲಿ ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ., ಗಂಡಸರದು 90 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಎಂದು ಲೆಕ್ಕ. ತೂಕದ ಯಂತ್ರವಿಲ್ಲದ ಮನೆಯಲ್ಲೂ ಟೇಲರ್ ಟೇಪು ಇರುತ್ತದೆ. ಒಮ್ಮೆ ಅಳೆದು ನೋಡಿಕೊಳ್ಳಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಅಂದಾಜು ಮಾಡಿದೆ. ಹೊಸ್ತಿಲಲ್ಲಿ ನಿಂತವರಿಗೆ ನಡಿಗೆ ಬಹಳ ದೊಡ್ಡ ಮದ್ದು. ಅಮೆರಿಕದಲ್ಲಿ ಅಂಥವರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ 150 ನಿಮಿಷಗಳ ಚಟುವಟಿಕೆ ಮತ್ತು ಹಿತಮಿತ ಆಹಾರದಿಂದ ತೂಕ ಇಳಿಸಲು ಹೊರಟ ತಂಡದಲ್ಲಿ ಮಧುಮೇಹ ಬರುವುದು 58% ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದ ತಂಡದಲ್ಲಿ 31% ಕಡಿಮೆಯಾಯಿತು. ಆದರೆ ಮೊದಲ ತಂಡದವರಿಗೆ ಬರೀ ಉಪದೇಶ ಮಾಡಿ ಕಳಿಸಿರಲಿಲ್ಲ. ಮತ್ತೆ ಮತ್ತೆ ಭೇಟಿಯಾಗಿ, ಎಲ್ಲಿ ತೊಡಕಾಯಿತು ಎಂದು ವಿಚಾರಿಸುವ ಜನರಿದ್ದರು. ಈ ಮಾತನ್ನು ನೆನಪಿನಲ್ಲಿಡಿ.

ದೇಹದ ಚಲನೆ, ಮನಸ್ಸಿನ ಚಲನೆ

ಯುನಾನಿ ವೈದ್ಯ ಪದ್ಧತಿಯಲ್ಲಿ 'ಅಸ್ಬಾಬ್-ಎ-ಸಿತ್ತಾ ಜರೂರಿಯಾ' ಎಂಬ ಪಾಠವಿದೆ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳು ಎಂದರ್ಥ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೋಗಬೇಕಾದುದು ಹೋಗುವುದು. ಇವು ಆರು. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದ ಮೊದಲ ಸಂಪುಟದಲ್ಲೇ ಈ ಸಂಗತಿಗಳನ್ನೂ ವ್ಯಾಯಾಮವನ್ನೂ ವಿವರಿಸಿದ್ದಾರೆ.

ಈ ಪಟ್ಟಿಯಲ್ಲಿ ದೇಹದ ಚಲನೆಯ ಪಕ್ಕದಲ್ಲೇ ಮನಸ್ಸಿನ ಚಲನೆಯನ್ನು ಇಟ್ಟಿರುವುದನ್ನು ನೋಡಿ. ಭಯ, ಕೋಪ, ದುಃಖ, ನಾಚಿಕೆ, ಸಂತೋಷ ಇವೆಲ್ಲ ಅದರಲ್ಲಿ ಸೇರುತ್ತವೆ. ಮನಸ್ಸು ಕುಗ್ಗಿದವರಿಗೆ ಕಾಲು ಏಳುವುದಿಲ್ಲ. ಕಾಲು ಕಟ್ಟಿಹಾಕಿದಂತೆ ಕೂತವರ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಅದಕ್ಕೇ "ನಡೆಯಿರಿ" ಎಂಬ ಸಲಹೆ ಅರ್ಧ ಚಿಕಿತ್ಸೆ ಮಾತ್ರ. ನಡೆಯುವ ಮನಸ್ಸು ಬರುವಂತೆ ಮಾಡುವುದು ಉಳಿದ ಅರ್ಧ. ಆ ಅರ್ಧವನ್ನು ಯಾವ ಮಾತ್ರೆಯೂ ಮಾಡಲಾರದು, ಗೆಳತಿಯ ಒಂದು ಮಾತು ಮಾಡಬಲ್ಲದು.

ಫೋನಿನ ಸಂದೇಶದಿಂದ ಏನಾದೀತು?

"ಮೆಸೇಜ್ ಕಳಿಸಿದರೆ ಸಕ್ಕರೆ ಇಳಿಯುತ್ತಾ?" ಎಂದು ನೀವು ಕೇಳಬಹುದು. ಚೆನ್ನೈನ ಮಧುಮೇಹ ತಜ್ಞರು ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಅವರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮಧುಮೇಹದ ಹೊಸ್ತಿಲಲ್ಲಿದ್ದ, 35ರಿಂದ 55 ವಯಸ್ಸಿನ 537 ದುಡಿಯುವ ಗಂಡಸರನ್ನು ಎರಡು ತಂಡ ಮಾಡಿದರು. ಇಬ್ಬರಿಗೂ ಆರಂಭದಲ್ಲಿ ಒಂದೇ ಸಲಹೆ. ಒಂದು ತಂಡಕ್ಕೆ ಮಾತ್ರ ಆಹಾರ, ನಡಿಗೆಗಳ ಬಗ್ಗೆ ಮೊಬೈಲಿಗೆ ಆಗಾಗ ಸಂದೇಶ ಬರುತ್ತಿತ್ತು. ಎರಡು ವರ್ಷದ ಕೊನೆಗೆ ಸಂದೇಶ ಇಲ್ಲದ ತಂಡದಲ್ಲಿ 100ಕ್ಕೆ 27 ಮಂದಿಗೆ ಮಧುಮೇಹ ಬಂದಿತ್ತು. ಸಂದೇಶ ಪಡೆದವರಲ್ಲಿ 100ಕ್ಕೆ 18 ಮಂದಿಗೆ ಮಾತ್ರ. ಅವು ತಜ್ಞರು ಕಳಿಸಿದ ಸಂದೇಶಗಳು, ಗೆಳೆಯರು ಕಳಿಸಿದವಲ್ಲ, ನಿಜ. ಆದರೂ ಸಣ್ಣದೊಂದು ನೆನಪೋಲೆಗೆ ಎಷ್ಟು ಬೆಲೆ ಇದೆ ಎಂಬುದು ಅದರಿಂದ ತಿಳಿಯುತ್ತದೆ.

ಇನ್ನು ಗೆಳೆತನದ ಪ್ರಭಾವ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಿಂದ ಆರಂಭವಾದ ಹೃದಯದ ಅಧ್ಯಯನದಲ್ಲಿ ಸೇರಿದ್ದ 12 ಸಾವಿರಕ್ಕೂ ಹೆಚ್ಚು ಜನರ 32 ವರ್ಷಗಳ ದಾಖಲೆಗಳನ್ನು ಇಬ್ಬರು ಸಂಶೋಧಕರು ಪರಿಶೀಲಿಸಿದರು. 2007ರಲ್ಲಿ ಅವರು ಪ್ರಕಟಿಸಿದ ವಿಷಯ ಇದು: ಒಬ್ಬರ ಗೆಳೆಯರಿಗೆ ಬೊಜ್ಜು ಬಂದರೆ ಅವರಿಗೂ ಬರುವ ಸಾಧ್ಯತೆ 57% ಹೆಚ್ಚುತ್ತಿತ್ತು. ಒಟ್ಟಿಗೆ ಇರುವವರ ಊಟ, ಕೂರುವುದು, ಏಳುವುದು ಒಬ್ಬರಿಂದೊಬ್ಬರಿಗೆ ಅಂಟುತ್ತವೆ. ಕೆಟ್ಟ ಅಭ್ಯಾಸ ಅಂಟುವುದಾದರೆ ಒಳ್ಳೆಯದು ಅಂಟಬಾರದೇ?

ನಾನು ಮಾಡಿದ ತಪ್ಪು

ಈ ಭಾಗವನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ಆದರೂ ನಿಮ್ಮ ಗುಂಪಿನಲ್ಲಿ ಹೀಗಾಗಬಾರದು ಎಂದು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹದಿನಾಲ್ಕು ಸಹೋದರಿಯರನ್ನು ಸೇರಿಸಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದೆ. ಪ್ರತಿ ಭಾನುವಾರ ಎಲ್ಲರೂ ತಮ್ಮ ತೂಕ ಬರೆಯಬೇಕು, ಯಾರದು ಹೆಚ್ಚು ಇಳಿಯಿತೋ ಅವರ ಹೆಸರು ಮೇಲೆ ಎಂದು ನಿಯಮ ಮಾಡಿದೆ. ಹುರುಪು ಬರಲಿ ಎಂಬುದು ನನ್ನ ಉದ್ದೇಶ. ಎರಡು ವಾರ ಹುರುಪು ಇತ್ತು ಕೂಡ. ನಲವತ್ತೆಂಟು ವಯಸ್ಸಿನ ಒಬ್ಬ ಖಾಲಾ ಇದ್ದರು. ಹತ್ತು ವರ್ಷದ ಸಕ್ಕರೆ ಕಾಯಿಲೆ. ಅವರ ತೂಕ ಇಳಿಯಲೇ ಇಲ್ಲ, ಒಂದು ವಾರ ಅರ್ಧ ಕಿಲೋ ಏರಿತು. ಮೂರು ಭಾನುವಾರ ಅವರ ಹೆಸರು ಪಟ್ಟಿಯ ತಳದಲ್ಲಿ ಬಂತು. ಮೂರನೆಯ ಸಲ ಯಾರೋ ಅದರ ಕೆಳಗೆ ನಗುವ ಮುಖದ ಚಿತ್ರ ಹಾಕಿದರು. ತಮಾಷೆಗೇ ಇರಬೇಕು. ನಾನು ಅದನ್ನು ನೋಡಿದೆ, ಏನೂ ಹೇಳಲಿಲ್ಲ. ಮರುದಿನ ಖಾಲಾ ಗುಂಪು ಬಿಟ್ಟಿದ್ದರು.

ಆಸಕ್ತಿ ಇಲ್ಲವೇನೋ ಅಂದುಕೊಂಡೆ. ಒಂದು ಫೋನ್ ಮಾಡಲಿಲ್ಲ. ಐದು ತಿಂಗಳಾದ ಮೇಲೆ ಮಗಳು ಅವರನ್ನು ಕರೆತಂದಳು. ಹೊಸ ಚಪ್ಪಲಿಯ ಪಟ್ಟಿ ಉಜ್ಜಿ ಕಾಲಿನ ಕಿರುಬೆರಳ ಬಳಿ ಗಾಯವಾಗಿತ್ತು, ಇಪ್ಪತ್ತು ದಿನದಿಂದ ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದರು. ಬೆರಳು ಕಪ್ಪಾಗಿತ್ತು. "ಇಷ್ಟು ದಿನ ಏಕೆ ಬರಲಿಲ್ಲ ಖಾಲಾ?" ಎಂದು ಕೇಳಿದೆ. "ನಿಮ್ಮ ಮುಖ ನೋಡೋಕೆ ನಾಚಿಕೆ ಆಯ್ತು ಡಾಕ್ಟರ್ ಆಪಾ. ತೂಕ ಇಳಿಸೋಕೆ ಆಗಲಿಲ್ಲವಲ್ಲ" ಎಂದರು. ಅಂದೇ ಶಸ್ತ್ರವೈದ್ಯರ ಬಳಿ ಕಳಿಸಿದೆ. ಪಾದ ಉಳಿಯಿತು, ಬೆರಳು ಉಳಿಯಲಿಲ್ಲ.

ಬೆರಳು ಹೋದದ್ದು ಆ ಪಟ್ಟಿಯಿಂದಲೇ ಎಂದು ನಾನು ಹೇಳಲಾರೆ. ಹತ್ತು ವರ್ಷದ ಸಕ್ಕರೆ ಅದರ ಹಿಂದಿತ್ತು. ಆದರೆ ಗಾಯವಾದ ದಿನವೇ ನನ್ನ ಬಾಗಿಲಿಗೆ ಬರಬೇಕಾದವರನ್ನು ಆ ಪಟ್ಟಿ ತಡೆದು ನಿಲ್ಲಿಸಿತು. ಅದನ್ನು ಮಾಡಿದವಳು ನಾನು. ಗುಂಪಿನಿಂದ ಒಬ್ಬರು ಕಾಣೆಯಾದಾಗ ವಿಚಾರಿಸದೆ ಕೂತವಳೂ ನಾನು.

ಅಂದೇ ಪಟ್ಟಿ ನಿಲ್ಲಿಸಿದೆ. ಗುಂಪಿನಲ್ಲಿ ನನ್ನ ತಪ್ಪನ್ನು ಹೇಳಿಕೊಂಡೆ. ಖಾಲಾ ಮರಳಿ ಸೇರಲು ಒಪ್ಪಿದರು. ಗಾಯ ಮಾಯುವವರೆಗೆ ನಡೆಯುವಂತಿರಲಿಲ್ಲ, ಕುರ್ಚಿಯಲ್ಲಿ ಕೂತು ಕೈಗಳ ವ್ಯಾಯಾಮ ಮಾಡುತ್ತಿದ್ದರು. ಆ ದಿನಗಳಲ್ಲಿ ಅವರು ತಾವಾಗಿ ಒಂದು ಕೆಲಸ ಹಿಡಿದರು. ಎರಡು ದಿನ ಯಾರ ಸುದ್ದಿಯೂ ಇಲ್ಲದಿದ್ದರೆ ಅವರಿಗೆ ಪ್ರತ್ಯೇಕವಾಗಿ ಒಂದು ಧ್ವನಿ ಸಂದೇಶ: "ಕಾಣಲಿಲ್ಲವಲ್ಲ, ಹುಷಾರಾಗಿದ್ದೀರಾ?" ನಡಿಗೆಯ ಮಾತೇ ಇಲ್ಲ ಅದರಲ್ಲಿ. ಆದರೆ ಆ ಸಂದೇಶ ಕೇಳಿದವರು ಮರುದಿನ ನಡೆಯಲು ಹೊರಡುತ್ತಿದ್ದರು.

ಗುಂಪು ಕಟ್ಟುವ ಬಗೆ

1. ಗುಂಪು ಚಿಕ್ಕದಿರಲಿ. ಎಂಟರಿಂದ ಹನ್ನೆರಡು ಮಂದಿ ಸಾಕು. ನೂರು ಜನರ ಗುಂಪಿನಲ್ಲಿ ಒಬ್ಬರು ಬಾರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಒಂದೇ ಓಣಿಯವರು ಅಥವಾ ಪರಿಚಯದವರು ಇದ್ದರೆ ಇನ್ನೂ ಒಳ್ಳೆಯದು.

2. ಜೋಡಿ ಮಾಡಿ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾತಿ ಇರಲಿ. ಆಕೆ ಬರದ ದಿನ ವಿಚಾರಿಸುವ ಹೊಣೆ ಈಕೆಯದು. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ ಎಂಬಂತಾಗುತ್ತದೆ.

3. ತೂಕ ಬರೆಯುವುದು ಬೇಡ, ನಡೆದ ನಿಮಿಷ ಬರೆಯಿರಿ. ತೂಕ ನಮ್ಮ ಕೈಯಲ್ಲಿಲ್ಲ, ವಯಸ್ಸು, ಥೈರಾಯ್ಡ್, ಮುಟ್ಟು ನಿಲ್ಲುವ ಕಾಲ, ಕೆಲವು ಮದ್ದುಗಳು ಎಲ್ಲವೂ ಅದನ್ನು ಏರಿಳಿಸುತ್ತವೆ. ಹತ್ತು ನಿಮಿಷ ನಡೆಯುವುದು ನಮ್ಮ ಕೈಯಲ್ಲಿದೆ. ತೂಕ, ಸಕ್ಕರೆಯ ಅಂಕಿಗಳು ನಿಮ್ಮ ಮತ್ತು ವೈದ್ಯರ ನಡುವೆ ಇರಲಿ.

4. ಹೋಲಿಕೆ ಬೇಡ. ಯುನಾನಿಯಲ್ಲಿ ವ್ಯಾಯಾಮವನ್ನು ಪ್ರತಿಯೊಬ್ಬರ ಮಿಜಾಜ್, ವಯಸ್ಸು, ಬಲ ನೋಡಿ ಹೇಳುತ್ತಾರೆ. ಇಪ್ಪತ್ತೈದರ ಸೊಸೆಯ ನಡಿಗೆಯೂ ಅರವತ್ತರ ಅತ್ತೆಯ ನಡಿಗೆಯೂ ಒಂದೇ ಅಳತೆಯದಲ್ಲ. ದಿನಕ್ಕೆ 10,000 ಹೆಜ್ಜೆ ಎಂಬ ಅಂಕಿಯ ಹಿಂದೆ ಓಡುವುದೂ ಬೇಡ. ಅದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ವೈದ್ಯರ ಲೆಕ್ಕದಿಂದಲ್ಲ.

5. ಫೋಟೊ ಬೇಡ. ನಡೆದದ್ದಕ್ಕೆ ಸಾಕ್ಷಿ ಕೇಳಬೇಡಿ. ಒಬ್ಬರ ಮಾತನ್ನು ನಂಬುವುದೂ ಪ್ರೋತ್ಸಾಹವೇ. ಗುಂಪಿನಲ್ಲಿ ಬಂದ ಮಾತು, ಧ್ವನಿ, ಕಾಯಿಲೆಯ ವಿಷಯ ಹೊರಗೆ ಹೋಗಬಾರದು.

6. ಓದುಬರಹ ಬಾರದವರನ್ನು ಬಿಡಬೇಡಿ. ಧ್ವನಿ ಸಂದೇಶ ಇದೆಯಲ್ಲ. ಅಮ್ಮಿಗೆ ಫೋನ್ ಇಲ್ಲದಿದ್ದರೆ ಮಗಳ ಫೋನಿನಿಂದ ಸೇರಲಿ.

7. ವಾರಕ್ಕೊಮ್ಮೆಯಾದರೂ ಎದುರುಬದುರು ಸೇರಿ. ಯಾರದಾದರೂ ತಾರಸಿ, ಶಾಲೆಯ ಅಂಗಳ, ಪಾರ್ಕು ಎಲ್ಲಾದರೂ ಆಗಬಹುದು. ಸೇರಿದಾಗ ಸಮೋಸಾ ಬೇಡ, ಕಲ್ಲಂಗಡಿಯೋ ಸೌತೆಕಾಯಿಯೋ ಇರಲಿ.

ಯಾವ ಮಾತು ಹೇಳಬೇಕು?

ಪ್ರೋತ್ಸಾಹ ಎಂದರೆ ಹೊಗಳುವುದಲ್ಲ. "ಅಬ್ಬಾ, ಎಷ್ಟು ಸಣ್ಣಗಾಗಿದ್ದೀರಿ!" ಎಂದರೆ ಕೇಳಿದವರಿಗೆ ಖುಷಿಯಾಗಬಹುದು, ಸಣ್ಣಗಾಗದ ಇನ್ನೊಬ್ಬರಿಗೆ ಅದು ಚುಚ್ಚುತ್ತದೆ. "ಮೂರು ದಿನ ತಪ್ಪದೆ ನಡೆದಿರಿ, ನಿಮ್ಮನ್ನು ನೋಡಿ ನಾನೂ ಇವತ್ತು ಎದ್ದೆ" ಎಂದರೆ ಯಾರಿಗೂ ನೋವಿಲ್ಲ.

ಬಿಟ್ಟವರಿಗೆ "ಮತ್ತೆ ಬಿಟ್ಟಿರಾ? ನಿಮಗೆ ಮನಸ್ಸೇ ಇಲ್ಲ" ಎನ್ನಬೇಡಿ. ಅವರು ಅದನ್ನು ತಮಗೇ ನೂರು ಸಲ ಹೇಳಿಕೊಂಡಿರುತ್ತಾರೆ. "ನಾಳೆ ಐದೇ ನಿಮಿಷ, ನಿಮ್ಮ ಬಾಗಿಲಿಗೆ ನಾನೇ ಬರುತ್ತೇನೆ" ಎನ್ನಿ. ಮನೆಯಲ್ಲಿ ಸಾವು, ಕಾಯಿಲೆ, ಸಾಲ, ಜಗಳ ಏನಿದೆಯೋ ನಮಗೆ ಗೊತ್ತಿರುವುದಿಲ್ಲ. ಮೊದಲು ಕ್ಷೇಮ ಕೇಳಿ, ಆಮೇಲೆ ನಡಿಗೆ ಕೇಳಿ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಎನಿಸುತ್ತದೆ ಎಂದು ಯಾರಾದರೂ ಹೇಳಿಕೊಂಡರೆ ಅದು ಸಾಂತ್ವನದ ಮಾತಿಗೆ ಮುಗಿಯುವ ವಿಷಯವಲ್ಲ. ಮನೆಯವರಿಗೆ ತಿಳಿಸಿ, ಜೊತೆಗೆ ಹೋಗಿ ವೈದ್ಯರಿಗೆ ತೋರಿಸಿ.

ಮೊದಲ ನಾಲ್ಕು ವಾರ

ಹೊಸದಾಗಿ ಆರಂಭಿಸುವವರು ಮೊದಲ ವಾರ ದಿನಕ್ಕೆ 10 ನಿಮಿಷ, ಎರಡನೆಯ ವಾರ 15, ಮೂರನೆಯ ವಾರ 20, ನಾಲ್ಕನೆಯ ವಾರ 30 ನಿಮಿಷ ನಡೆಯಲಿ. ಒಂದೇ ಸಲಕ್ಕೆ ಆಗದಿದ್ದರೆ ಬೆಳಿಗ್ಗೆ 10, ಊಟದ ನಂತರ 10, ಸಂಜೆ 10 ಎಂದು ಹಂಚಿಕೊಳ್ಳಿ. ವೇಗದ ಅಳತೆ ಸುಲಭ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಲಕ್ಕಾಗಿ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು 8–10 ಸಲ ಮಾಡಿ. ಮಂಡಿನೋವಿದ್ದವರು ಕೈ ಊರಿಯೇ ಏಳಲಿ.

ಕಾಲಿಗೆ ಹಿಮ್ಮಡಿ ಹಿಡಿದುಕೊಳ್ಳುವ, ಬಿಗಿಯಾಗದ ಬೂಟು ಇರಲಿ. ಬುರ್ಖಾ ಧರಿಸುವವರು ಹತ್ತಿಯ, ನೆಲಕ್ಕೆ ತಾಗದ ಅಂಚಿನದನ್ನು ಆರಿಸಿಕೊಳ್ಳಿ, ಎಡವಿ ಬೀಳುವುದು ತಪ್ಪುತ್ತದೆ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು. ಪ್ರತಿ ರಾತ್ರಿ ಎರಡೂ ಪಾದಗಳನ್ನು, ಬೆರಳ ಸಂದುಗಳನ್ನು ನೋಡಿಕೊಳ್ಳಬೇಕು. ಕಣ್ಣು ಮಂಜಾದವರಿಗೆ ಮಕ್ಕಳು ನೋಡಿ ಹೇಳಲಿ. ಸಣ್ಣ ಗಾಯವಾದರೂ ಎರಡು ದಿನದೊಳಗೆ ವೈದ್ಯರಿಗೆ ತೋರಿಸಿ.

ಗುಂಪು ಮಾಡಬಾರದ ಕೆಲಸ

ಗುಂಪು ಗೆಳತಿ, ವೈದ್ಯನಲ್ಲ. "ಈ ಕಷಾಯ ಕುಡಿದರೆ ಸಕ್ಕರೆ ಮಾತ್ರೆ ಬೇಡ" ಎಂಬಂಥ ಫಾರ್ವರ್ಡ್ ಬಂದರೆ ಅಲ್ಲೇ ಅಳಿಸಿ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಹೇಳಬೇಡಿ. ನಾನು ಯುನಾನಿ ವೈದ್ಯೆಯಾಗಿಯೇ ಹೇಳುತ್ತೇನೆ, ಗಿಡಮೂಲಿಕೆಯೂ ಮದ್ದೇ. ಅದಕ್ಕೂ ಪ್ರಮಾಣವಿದೆ, ಅದೂ ಬೇರೆ ಮಾತ್ರೆಗಳ ಜೊತೆ ಸೇರಿ ತೊಂದರೆ ಕೊಡಬಲ್ಲದು. ಕೇಳದೆ ತೆಗೆದುಕೊಳ್ಳಬೇಡಿ, ಕೇಳದೆ ನಿಲ್ಲಿಸಬೇಡಿ.

ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಸಕ್ಕರೆ ಇಳಿಯಬಹುದು. ನಡುಕ, ಬೆವರು, ತಲೆಸುತ್ತು, ಎದೆಬಡಿತ ಕಂಡರೆ ಕೂಡಲೇ ಕೂತು ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಯಿರಿ. 15 ನಿಮಿಷದ ನಂತರ ಸಕ್ಕರೆ ಪರೀಕ್ಷಿಸಿ, 70 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಮತ್ತೊಮ್ಮೆ ಕುಡಿಯಿರಿ. ಇಂಥವರು ಹೊರಡುವಾಗ ಸಕ್ಕರೆಯ ಪೊಟ್ಟಣ ಜೊತೆಗಿರಲಿ, ಜೊತೆಗಾತಿಗೂ ಈ ವಿಷಯ ತಿಳಿದಿರಲಿ. ನಡೆಯುವಾಗ ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ಉಸಿರು ಕಟ್ಟುವುದು ಆದರೆ "ಗ್ಯಾಸ್ ಇರಬೇಕು" ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಹೃದ್ರೋಗ ಇರುವವರು, ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳಿಯೇ ಆರಂಭಿಸಲಿ.

ರಮಝಾನಿನಲ್ಲಿ

ಬಹಳ ಗುಂಪುಗಳು ರಮಝಾನಿನಲ್ಲಿ ನಿಂತುಹೋಗುತ್ತವೆ, ಆಮೇಲೆ ಮತ್ತೆ ಏಳುವುದಿಲ್ಲ. ನಿಲ್ಲಿಸಬೇಡಿ, ಹೊತ್ತು ಬದಲಿಸಿ. ಉಪವಾಸದ ಹೊತ್ತಿನಲ್ಲಿ, ಅದರಲ್ಲೂ ಇಫ್ತಾರಿಗೆ ಮುಂಚಿನ ಗಂಟೆಗಳಲ್ಲಿ ಶ್ರಮದ ವ್ಯಾಯಾಮ ಬೇಡ. ಇಫ್ತಾರ್ ಆಗಿ ಸ್ವಲ್ಪ ಹೊತ್ತಿನ ನಂತರ ಲಘುವಾಗಿ ನಡೆಯಬಹುದು. ತರಾವೀಹ್ ನಮಾಝಿನ ಏಳುವುದು, ಬಾಗುವುದನ್ನೂ ಆ ದಿನದ ದೈಹಿಕ ಚಟುವಟಿಕೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಮಧುಮೇಹ ತಜ್ಞರ ಮಾರ್ಗಸೂಚಿಯೇ ಹೇಳುತ್ತದೆ. ಸಕ್ಕರೆ ಕಾಯಿಲೆಯವರು ರಮಝಾನಿಗೆ ಮೊದಲೇ ಮದ್ದಿನ ಹೊತ್ತು, ಪ್ರಮಾಣಗಳ ಬಗ್ಗೆ ವೈದ್ಯರ ಜೊತೆ ಮಾತಾಡಿಕೊಳ್ಳಿ. ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸ ಬಿಡಬೇಕು ಎಂಬುದೂ ಅದೇ ಮಾರ್ಗಸೂಚಿಯಲ್ಲಿದೆ.

ಮನೆಯ ಗಂಡಸರಿಗೆ ಒಂದು ಮಾತು

ಮನೆಯಾಕೆ ಅರ್ಧ ಗಂಟೆ ನಡೆಯಲು ಹೋದಾಗ ಚಹಾ ತಡವಾಯಿತೆಂದು ಮುಖ ಗಂಟು ಹಾಕಬೇಡಿ. ಆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳಿ, ಹಾಲು ಉಕ್ಕದಂತೆ ನೋಡಿ. ಗಂಡುಮಕ್ಕಳು ತಾಯಿಯ ಫೋನಿನಲ್ಲಿ ಧ್ವನಿ ಸಂದೇಶ ಕಳಿಸುವುದನ್ನು ಕಲಿಸಿಕೊಡಲಿ. ಗಂಡಸರೂ ತಮ್ಮದೇ ಗುಂಪು ಮಾಡಿಕೊಳ್ಳಬಹುದು. ಫಜ್ರ್ ನಮಾಝ್ ಮುಗಿಸಿ ಬರುವವರು ನಾಲ್ಕು ಮಂದಿ ಸೇರಿ ಎರಡು ಸುತ್ತು ಹೆಚ್ಚು ನಡೆದು ಮನೆಗೆ ಹೋದರೆ ಅದೇ ಗುಂಪು.

ಇಷ್ಟೆಲ್ಲ ಓದಿ ನಾಳೆ ನೆನಪಿಡಲು ಆಗದಿದ್ದರೆ ಒಂದನ್ನು ಮಾತ್ರ ಮಾಡಿ. ನಿಮ್ಮ ಪರಿಚಯದಲ್ಲಿ ಹಿಂದೆ ನಡೆಯುತ್ತಿದ್ದು ಈಗ ನಿಲ್ಲಿಸಿದವರು ಯಾರಾದರೂ ಇರಬೇಕು. ಇಂದು ಸಂಜೆ ಅವರಿಗೊಂದು ಸಂದೇಶ ಕಳಿಸಿ. ಖಾಲಾ ಕಳಿಸುತ್ತಿದ್ದರಲ್ಲ, ಅಂಥದೇ ಒಂದು. ನಡಿಗೆಯ ಮಾತು ಆಮೇಲೆ ತಾನಾಗಿ ಬರುತ್ತದೆ.